ಸರಿಯಾಗಿ ಬಗ್ಗಿದವಳು

ಆಸ್ಪತ್ರೆಯ ಲಾಂಡ್ರಿ ಇದ್ದದ್ದು ನೆಲಮಾಳಿಗೆಯಲ್ಲಿ. ಮೇಲಿನ ಆರು ಮಹಡಿಗಳ ಕೊಳೆ ಬಟ್ಟೆಯೆಲ್ಲ ಗೋಡೆಯೊಳಗಿನ ದೊಡ್ಡ ಕೊಳವೆಯಲ್ಲಿ ಜಾರಿಕೊಂಡು ಬಂದು ಅಲ್ಲಿ ಬೀಳುತ್ತಿತ್ತು. ಕಿಟಕಿಯಿಲ್ಲದ ಆ ಉದ್ದನೆಯ ಕೋಣೆಯಲ್ಲಿ ಹತ್ತೊಂಬತ್ತು ವರ್ಷದಿಂದ ದುಡಿಯುತ್ತಿದ್ದ ಒಬ್ಬ ಹೆಂಗಸನ್ನು ಎಲ್ಲರೂ ದೊಡ್ಡಕ್ಕ ಎನ್ನುತ್ತಿದ್ದರು. ವಯಸ್ಸಿನಲ್ಲಿ ಅವಳಿಗಿಂತ ಹಿರಿಯರು ಅಲ್ಲೇ ಇಬ್ಬರಿದ್ದರು; ಈ ಹೆಸರು ಬಂದದ್ದು ಎತ್ತರದಿಂದ. ಬಾಗಿಲ ಚೌಕಟ್ಟಿಗೆ ನಾಲ್ಕೇ ಬೆರಳು ಬಿಟ್ಟು ನಿಲ್ಲುವ ಆಳು. ಅಷ್ಟು ಉದ್ದದ ಬೆನ್ನು ಕೊಟ್ಟ ದೇವರು, ಅದಕ್ಕೆ ತಕ್ಕ ಎತ್ತರದ ಯಂತ್ರ ತರಿಸುವ ಬುದ್ಧಿಯನ್ನು ಆಸ್ಪತ್ರೆಯವರಿಗೆ ಕೊಟ್ಟಿರಲಿಲ್ಲ.

ಕೆಲಸಕ್ಕೆ ಎರಡು ಪಾಲು. ಬೆಳಗ್ಗೆ ಒದ್ದೆ ಕಡೆ, ಮಧ್ಯಾಹ್ನ ಒಣ ಕಡೆ. ಒದ್ದೆ ಕಡೆಯಲ್ಲಿ ಯಂತ್ರ ಹಿಂಡಿ ಉಗುಳಿದ ಬಟ್ಟೆಯ ಮುದ್ದೆಗಳನ್ನು ಬಗ್ಗಿ ಎಳೆದು ತಳ್ಳುಗಾಡಿಗೆ ತುಂಬಬೇಕು. ಹಗ್ಗದಂತೆ ಒಂದಕ್ಕೊಂದು ಸುತ್ತಿಕೊಂಡ ಬೆಡ್‌ಶೀಟುಗಳು ಸುಲಭಕ್ಕೆ ಬಿಡಿಸಿಕೊಳ್ಳುವುದಿಲ್ಲ. ಒಂದನ್ನು ಎಳೆದರೆ ಎಂಟು ಬರುತ್ತವೆ. ಒಣ ಕಡೆಯಲ್ಲಿ ಬಿಸಿ ರೋಲರಿನಿಂದ ಚಪ್ಪಟೆಯಾಗಿ ಹೊರಬಂದ ಶೀಟನ್ನು ಇಬ್ಬರು ಎರಡು ತುದಿ ಹಿಡಿದು ಮಡಿಸಬೇಕು. ಒಬ್ಬರಿಂದ ಆಗುವ ಕೆಲಸ ಅದಲ್ಲ. ಹಾಗಾಗಿ ಅಲ್ಲಿ ಪ್ರತಿಯೊಬ್ಬಳಿಗೂ ಒಬ್ಬ ಜೋಡಿ. ದೊಡ್ಡಕ್ಕನ ಜೋಡಿ ಅವಳ ಭುಜಕ್ಕೆ ಬರುವ, ಗುಂಡುಗುಂಡಾದ, ಬಾಯಿ ಮುಚ್ಚಿ ಅರಿಯದ ಹೆಂಗಸು. ಹದಿನಾಲ್ಕು ವರ್ಷ ಅವರಿಬ್ಬರೂ ಎದುರುಬದುರು ನಿಂತು ಶೀಟು ಮಡಿಸಿದ್ದರು. ಹಿಡಿ, ಕೊಡವು, ಮಡಿಸು, ಎದುರು ನಡೆದು ಬಂದು ತುದಿಗೆ ತುದಿ ಕೂಡಿಸಿ ಕೈಗೆ ಕೊಡು, ಹಿಂದೆ ಹೋಗು. ಈ ನಡಿಗೆಯ ನಡುವೆಯೇ ಜೋಡಿಯ ಇಬ್ಬರು ಹೆಣ್ಣುಮಕ್ಕಳು ಓದು ಮುಗಿಸಿದ್ದರು, ಅವಳ ಗಂಡ ತೀರಿಕೊಂಡಿದ್ದ, ದೊಡ್ಡಕ್ಕನ ಮಗಳು ಮದುವೆಯಾಗಿ ಹೆತ್ತಿದ್ದಳು. ಎಲ್ಲ ಸುದ್ದಿಯೂ ಶೀಟಿನ ತುದಿಯ ಜೊತೆಗೇ ಕೈಯಿಂದ ಕೈಗೆ ಹೋಗಿತ್ತು.

ನೋವು ಬಂದದ್ದು ಒಂದು ಮಂಗಳವಾರ. ದೊಡ್ಡಕ್ಕ ಯಂತ್ರದ ಬಾಯಿಗೆ ಬಗ್ಗಿ ಮುದ್ದೆಯೊಂದನ್ನು ಜಗ್ಗಿದಳು. ಸೊಂಟದ ಎಡಗಡೆ ಕಳಕ್ ಎಂದಿತು. ಉಳುಕಿರಬೇಕು ಎಂದುಕೊಂಡು ಸಂಜೆಯವರೆಗೂ ಹಲ್ಲು ಕಚ್ಚಿ ಕೆಲಸ ಮಾಡಿದಳು. ಎರಡು ದಿನದಲ್ಲಿ ಹೋಗುತ್ತದೆ ಅಂದದ್ದು ಎರಡು ವಾರವಾಯಿತು, ಎರಡು ತಿಂಗಳಾಯಿತು, ಒಂದೂವರೆ ವರ್ಷವಾಯಿತು. ಮಾತ್ರೆ ನುಂಗಿದಳು. ಸೊಂಟಕ್ಕೆ ಪಟ್ಟಿ ಬಿಗಿದಳು. ಎಕ್ಸ್‌ರೇ ತೆಗೆಸಿದಳು, ಸ್ಕ್ಯಾನ್ ಮಾಡಿಸಿದಳು. ಮೂಳೆ ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದು, “ಏನೂ ಇಲ್ಲಮ್ಮ. ವಯಸ್ಸಿಗೆ ತಕ್ಕ ಸವಕಳಿ, ಅಷ್ಟೆ” ಅಂದು ಮುಂದಿನವರನ್ನು ಕರೆದರು.

ಆ ‘ಏನೂ ಇಲ್ಲ’ ಎಂಬ ಎರಡು ಶಬ್ದ ಅವಳಿಗೆ ಮಾಡಿದಷ್ಟು ಕೇಡನ್ನು ಆ ಮುದ್ದೆಯೂ ಮಾಡಿರಲಿಲ್ಲ. ಅವಳ ಗಂಡ ಫ್ಯಾನು, ಮಿಕ್ಸಿ ರಿಪೇರಿ ಮಾಡುವವನು. ಯಾವ ಸಾಮಾನನ್ನಾದರೂ ಬಿಚ್ಚಿ ನೋಡಿದರೆ ಕೆಟ್ಟ ಭಾಗ ಕಣ್ಣಿಗೆ ಬೀಳಲೇಬೇಕು ಎಂಬುದು ಅವನ ಜೀವಮಾನದ ನಂಬಿಕೆ. ಮನೆಯಲ್ಲಿ ಅವನೂ ಆ ಫಿಲ್ಮನ್ನು ಬಲ್ಬಿಗೆ ಹಿಡಿದು, ಕನ್ನಡಕ ಮೇಲೆ ಸರಿಸಿ, ಅತ್ತ ತಿರುಗಿಸಿ ಇತ್ತ ತಿರುಗಿಸಿ ನೋಡಿದ.

“ಎಲ್ಲಾ ಸರಿಯಾಗೇ ಇದೆಯಲ್ಲೇ.”

“ಸರಿಯಾಗಿದ್ರೆ ನೋವ್ಯಾಕೆ ರೀ?”

“ಅದನ್ನೇ ನಾನೂ ಕೇಳ್ತಿರೋದು.”

ಅವನು ಕೆಟ್ಟವನಲ್ಲ. ಬೆಳಗ್ಗೆ ಬಿಸಿನೀರಿನ ಚೀಲ ತುಂಬಿ ಕೊಡುತ್ತಿದ್ದ, ನೆಲ ಒರೆಸುತ್ತಿದ್ದ. ಆದರೆ ನೆಂಟರ ಮುಂದೆ “ಇವಳ ಸೊಂಟ ಕೆಲಸದ ದಿನ ಕೆಡುತ್ತೆ, ಟೀವಿ ಹೊತ್ತಿಗೆ ರಿಪೇರಿ ಆಗುತ್ತೆ” ಎಂದು ನಗಿಸುವುದನ್ನು ಬಿಡಲಿಲ್ಲ. ನೆಂಟರು ನಕ್ಕಾಗ ಅವಳೂ ನಗುತ್ತಿದ್ದಳು. ನಕ್ಕರೆ ಸೊಂಟ ನೋಯುತ್ತಿತ್ತು ಎಂಬುದನ್ನು ಯಾರಿಗೂ ಹೇಳಲು ಹೋಗಲಿಲ್ಲ.

ಕೊನೆಗೆ ಒಂದು ದಿನ ತಳ್ಳುಗಾಡಿಯ ಪಕ್ಕದಲ್ಲಿ ಕೂತವಳಿಗೆ ಏಳಲೇ ಆಗಲಿಲ್ಲ. ಜೋಡಿಯೇ ಕಂಕುಳಿಗೆ ಕೈ ಕೊಟ್ಟು ಎಬ್ಬಿಸಿ, ಲಿಫ್ಟಿನಲ್ಲಿ ಮೂರನೆಯ ಮಹಡಿಗೆ ಕರೆದುಕೊಂಡು ಹೋಗಿ ಫಿಸಿಯೋಥೆರಪಿ ವಿಭಾಗದ ಬೆಂಚಿನ ಮೇಲೆ ಕೂರಿಸಿದಳು. “ನೋಡಮ್ಮ, ಇವಳನ್ನ ರಿಪೇರಿ ಮಾಡಿಕೊಡಿ. ಇವಳಿಲ್ಲದೆ ನನ್ನ ಕೈಯಲ್ಲಿ ಶೀಟಿನ ಒಂದೇ ತುದಿ ಇರುತ್ತೆ” ಎಂದು ಅಲ್ಲಿದ್ದವರಿಗೆಲ್ಲ ಕೇಳುವಂತೆ ಹೇಳಿದಳು.

ಫಿಸಿಯೋ ಮೇಡಂ ಮೂವತ್ತೈದರ ಆಸುಪಾಸಿನ, ಗಿಡ್ಡ ಕೂದಲಿನ, ಮುಖದಲ್ಲಿ ಸುಲಭಕ್ಕೆ ನಗು ತೋರದ ಹೆಂಗಸು. ದೊಡ್ಡಕ್ಕನನ್ನು ನಡೆಸಿ, ಕೂರಿಸಿ, ಮಲಗಿಸಿ, ಒಂದೊಂದು ಕಾಲನ್ನೂ ಎತ್ತಿಸಿ ನೋಡಿದಳು. ಮುಕ್ಕಾಲು ಗಂಟೆ. ಈ ಒಂದೂವರೆ ವರ್ಷದಲ್ಲಿ ಯಾವ ಡಾಕ್ಟರೂ ಅವಳ ಬೆನ್ನನ್ನು ಕೈಯಿಂದ ಮುಟ್ಟಿರಲಿಲ್ಲ.

“ಏನೂ ಇಲ್ಲ ಅಂದ್ರು ಮೇಡಂ,” ದೊಡ್ಡಕ್ಕ ತಾನಾಗಿಯೇ ಹೇಳಿಬಿಟ್ಟಳು, ತಪ್ಪೊಪ್ಪಿಕೊಳ್ಳುವವಳಂತೆ.

“ಫಿಲ್ಮಿನಲ್ಲಿ ಇಲ್ಲ. ನಿಮಗೆ ನೋವಿದೆ. ಎರಡೂ ನಿಜ.” ಮೇಡಂ ಕೈ ತೊಳೆಯುತ್ತ ಹೇಳಿದಳು. “ಮೊದಲಿನ ಗಾಯ ಯಾವತ್ತೋ ಮಾಗಿದೆ. ಆದ್ರೆ ನಿಮ್ಮ ಮೈ ಇನ್ನೂ ಹೆದರಿಕೊಂಡು ಕೂತಿದೆ. ಸ್ವಲ್ಪ ಬಗ್ಗಿದ್ರೂ ಕೂಗಿಕೊಳ್ಳುತ್ತೆ. ಅದಕ್ಕೆ ನಿಧಾನವಾಗಿ ಧೈರ್ಯ ತುಂಬಬೇಕು. ಪೂರ್ತಿ ಹೋಗುತ್ತೆ ಅಂತ ನಾನು ಸುಳ್ಳು ಹೇಳಲ್ಲ. ಅದರ ಜೊತೆ ಬಾಳೋದನ್ನ ಕಲಿಸ್ತೀನಿ.”

“ಅದನ್ನ ಬೇರೆ ಕಲಿಸಬೇಕಾ ಮೇಡಂ? ಇಪ್ಪತ್ತೆಂಟು ವರ್ಷದಿಂದ ಗಂಡನ ಜೊತೆ ಬಾಳ್ತಿದ್ದೀನಿ.”

ಆಗ ಮೇಡಂ ನಕ್ಕಳು. ಅದೇ ಮೊದಲು, ಆಮೇಲೆ ಬಹಳ ದಿನ ಇಲ್ಲ.

ಮೇಡಂ ಬರೆದುಕೊಟ್ಟ ಚೀಟಿಯ ಮೇಲೆ ದೊಡ್ಡಕ್ಕನಿಗೆ ಹಗುರ ಕೆಲಸ ಸಿಕ್ಕಿತು. ಒದ್ದೆ ಕಡೆ ಬೇಡ, ಶೀಟೂ ಬೇಡ. ಎತ್ತರದ ಸ್ಟೂಲಿನ ಮೇಲೆ ಕೂತು ದಿಂಬಿನ ಚೀಲ, ಟವೆಲು ಮಡಿಸಿದರೆ ಸಾಕು. ಬದಲಿಗೆ ಒಬ್ಬಳನ್ನು ಕಳಿಸುತ್ತೇವೆ ಎಂದು ಸೂಪರ್‌ವೈಸರ್ ಹೇಳಿದ. ಕಳಿಸಲಿಲ್ಲ. ಮಧ್ಯಾಹ್ನ ಶೀಟು ಮಡಿಸಲು ಯಾರು ಸಿಕ್ಕರೆ ಅವರನ್ನು ನಿಲ್ಲಿಸುತ್ತಿದ್ದ. ಬೆಳಗಿನ ಒದ್ದೆ ಕಡೆಯ ಎರಡಾಳಿನ ಕೆಲಸ ಮಾತ್ರ ಜೋಡಿಯ ಒಬ್ಬಳ ತಲೆಗೆ ಬಿತ್ತು. ಮೊದಮೊದಲು ಜೋಡಿ ಅದನ್ನು ತಮಾಷೆ ಮಾಡಿದಳು. “ರಾಣಿಯಮ್ಮ ಸಿಂಹಾಸನದ ಮೇಲೆ ಕೂತವ್ರೆ, ನಾವು ಹೊರೋದು ಹೊರೋದೇ” ಎಂದು ಗಾಡಿ ತಳ್ಳಿಕೊಂಡು ಹೋಗುತ್ತಿದ್ದಳು. ದೊಡ್ಡಕ್ಕನಿಗೆ ನಾಚಿಕೆಯಾಗುತ್ತಿತ್ತು. ಎದ್ದು ಕೈ ಹಾಕೋಣ ಅನ್ನಿಸುತ್ತಿತ್ತು. ಆದರೆ ಮೇಡಂ ಕಟ್ಟುನಿಟ್ಟಾಗಿ ಹೇಳಿದ್ದಳು: ನಾಚಿಕೆಗೆ ಭಾರ ಎತ್ತಿದರೆ ಮತ್ತೆ ಮೊದಲಿನಿಂದ ಶುರು.

ವ್ಯಾಯಾಮ ಅಂದರೆ ದೊಡ್ಡಕ್ಕ ಏನೇನೋ ಊಹಿಸಿಕೊಂಡಿದ್ದಳು. ಇವು ನೋಡಿದರೆ ಮಗುವಿನ ಆಟದ ಹಾಗಿದ್ದವು. ಬೆನ್ನ ಮೇಲೆ ಮಲಗಿ ಮಂಡಿ ಮಡಿಸಿ ಸೊಂಟವನ್ನು ನೆಲಕ್ಕೆ ಒತ್ತುವುದು, ಹತ್ತು ಎಣಿಸುವುದು, ಬಿಡುವುದು. ಕುಂಡಿ ಎತ್ತಿ ಸೇತುವೆಯಂತೆ ನಿಲ್ಲಿಸುವುದು. ನಾಲ್ಕು ಕಾಲಿನ ಮೇಲೆ ನಿಂತು ಬೆಕ್ಕಿನಂತೆ ಬೆನ್ನು ಡುಬ್ಬ ಮಾಡುವುದು. ದಿನಾ ಏಳು ನಿಮಿಷ ನಡಿಗೆ. ಮುಂದಿನ ವಾರ ಒಂಬತ್ತು. ಚೆನ್ನಾಗಿದೆ ಅನ್ನಿಸಿದ ದಿನ ಇಪ್ಪತ್ತು ನಡೆಯುವ ಹಾಗಿಲ್ಲ. ಕೆಟ್ಟ ದಿನ ಮಲಗಿಬಿಡುವ ಹಾಗೂ ಇಲ್ಲ.

“ನೋವು ಬಂದ್ಮೇಲೆ ನಿಲ್ಲಿಸೋದಲ್ಲ, ಬರೋಕ್ಕಿಂತ ಮುಂಚೆ ನಿಲ್ಲಿಸಬೇಕು,” ಎನ್ನುತ್ತಿದ್ದಳು ಮೇಡಂ.

“ಬರುತ್ತೆ ಅಂತ ಹೇಗೆ ಗೊತ್ತಾಗಬೇಕು?”

“ಗಂಡ ರೇಗೋಕೆ ಮುಂಚೆ ನಿಮಗೆ ಗೊತ್ತಾಗಲ್ವಾ?”

ಗೊತ್ತಾಗುತ್ತಿತ್ತು. ದೊಡ್ಡಕ್ಕ ತನ್ನ ಮೈಯನ್ನು ಹಾಗೆ ಗಮನಿಸಲು ಕಲಿತಳು. ಎಲ್ಲಕ್ಕಿಂತ ಹೆಚ್ಚು ಶ್ರದ್ಧೆಯಿಂದ ಕಲಿತದ್ದು ಬಗ್ಗುವುದನ್ನು. ಐವತ್ತೊಂದು ವರ್ಷ ಬಗ್ಗಿಕೊಂಡೇ ಬಂದವಳಿಗೆ ಮೇಡಂ ಬಗ್ಗುವುದು ಹೇಗೆಂದು ಹೇಳಿಕೊಟ್ಟಳು. ಬೆನ್ನನ್ನು ಹಲಗೆಯ ಹಾಗೆ ನೆಟ್ಟಗಿಟ್ಟು, ಬಾಗಿಲನ್ನು ಕುಂಡಿಯಿಂದ ಮುಚ್ಚುವವಳಂತೆ ಸೊಂಟವನ್ನು ಹಿಂದಕ್ಕೆ ತಳ್ಳಿ, ಮಂಡಿ ಸಡಿಲಿಸಿ, ಉಸಿರು ಬಿಡುತ್ತ ಇಳಿಯಬೇಕು. ವಸ್ತುವನ್ನು ಮೈಗೆ ಹತ್ತಿರ ಎಳೆದುಕೊಂಡು ತೊಡೆಯ ಬಲದಿಂದ ಏಳಬೇಕು. ಮೊದಲು ಖಾಲಿ ಕೈಯಲ್ಲಿ, ಆಮೇಲೆ ಟವೆಲು ಹಿಡಿದು, ಆಮೇಲೆ ನೀರಿನ ಬಾಟಲಿ ಹಿಡಿದು. ಮನೆಯಲ್ಲಿ ಕಪಾಟಿನ ಬಾಗಿಲಿನ ಕನ್ನಡಿಯ ಮುಂದೆ ದಿನಕ್ಕೆ ಮೂವತ್ತು ಸಲ. ಗಂಡ ಹಿಂದಿನಿಂದ ನೋಡಿ, “ಯಾರಿಗೇ ಇಷ್ಟೊಂದು ಸಲಾಮು?” ಅನ್ನುತ್ತಿದ್ದ. ಅವಳು ಎಣಿಕೆ ತಪ್ಪಿಸದೆ ಮುಗಿಸುತ್ತಿದ್ದಳು.

ಮೂರನೆಯ ತಿಂಗಳಲ್ಲಿ ಒಮ್ಮೆ ಎಲ್ಲ ನೆಲ ಕಚ್ಚಿತು. ಏನೂ ಮಾಡದೆ, ಸುಮ್ಮನೆ ಸೀನಿದ್ದಕ್ಕೆ ಸೊಂಟ ಹಿಡಿದುಕೊಂಡು ನಾಲ್ಕು ದಿನ ಹಾಸಿಗೆ. “ಮುಗೀತು, ಅಷ್ಟೂ ಹೊಳೆಗೆ ಹಾಕಿದ ಹಾಗಾಯ್ತು” ಎಂದು ಅತ್ತಳು. ಮೇಡಂ ಫೋನಿನಲ್ಲಿ, “ಹೊಳೆಗೂ ಇಲ್ಲ, ಕೆರೆಗೂ ಇಲ್ಲ. ಮಲಗಿದಲ್ಲೇ ಪಾದ ಆಡಿಸಿ. ನಾಳೆ ಎರಡು ನಿಮಿಷ ನಡೀರಿ” ಅಂದಳು. ನಡೆದಳು. ಮೇಡಂ ಬಳಿ ಒಂದು ಪಟ್ಟಿ ಇತ್ತು. ಪ್ರತಿ ಭೇಟಿಯಲ್ಲೂ ನೋವಿಗೆ ಹತ್ತಕ್ಕೆ ಎಷ್ಟು ಎಂದು ಕೇಳಿ ಬರೆಯುತ್ತಿದ್ದಳು. ಮೊದಲು ಎಂಟು. ಆರನೆಯ ತಿಂಗಳಿಗೆ ಐದು. ಎಂಟನೆಯ ತಿಂಗಳಿಗೆ ನಾಲ್ಕು, ಒಮ್ಮೊಮ್ಮೆ ಮೂರು. ಶಾಲೆಯಲ್ಲಿ ಎಂದೂ ಒಳ್ಳೆಯ ಅಂಕ ಪಡೆಯದ ದೊಡ್ಡಕ್ಕನಿಗೆ, ಅಂಕ ಇಳಿದಷ್ಟೂ ಹೊಗಳಿಸಿಕೊಳ್ಳುವ ಈ ಪರೀಕ್ಷೆ ಬಹಳ ಹಿಡಿಸಿತು.

ಒಂದು ಭಾನುವಾರ ಮಗಳೂ ಅಳಿಯನೂ ಮೊಮ್ಮಗಳನ್ನು ಕರೆದುಕೊಂಡು ಬಂದಿದ್ದರು. ಸಂಜೆ ಎಲ್ಲರೂ ಪಾರ್ಕಿಗೆ ಹೋದರು. ಎರಡೂವರೆ ವರ್ಷದ ಪುಟ್ಟಿಯನ್ನು ದೊಡ್ಡಕ್ಕ ಎರಡು ವರ್ಷದಿಂದ ನಿಂತುಕೊಂಡು ಎತ್ತಿರಲಿಲ್ಲ. ನೋವು ಬಂದಾಗಿನಿಂದ ತಾನು ಕೂತ ಮೇಲೆ ಯಾರಾದರೂ ತೊಡೆಯ ಮೇಲೆ ಇಡಬೇಕಿತ್ತು. ಮಗು ಕೈ ಚಾಚಿದಾಗಲೆಲ್ಲ ಮಗಳು, “ಅಜ್ಜಿಗೆ ಉವ್ವಾ ಇದೆ ಪುಟ್ಟಿ” ಅನ್ನುತ್ತಿದ್ದಳು. ಮಗು ಈಚೆಗೆ ಕೈ ಚಾಚುವುದನ್ನೇ ಬಿಟ್ಟಿತ್ತು. ಅವತ್ತು ಮಗಳೂ ಅಳಿಯನೂ ಮಾತಿನಲ್ಲಿದ್ದಾಗ ಪುಟ್ಟಿ ಚೆಂಡಿನ ಹಿಂದೆ ಗೇಟಿನ ಕಡೆ ಓಡಿತು. ಗೇಟಿನಾಚೆ ರಸ್ತೆ. ಹತ್ತಿರ ಇದ್ದವಳು ದೊಡ್ಡಕ್ಕ ಒಬ್ಬಳೇ. ನಾಲ್ಕು ದಾಪುಗಾಲು ಹಾಕಿದಳು, ಸೊಂಟ ಹಿಂದೆ, ಮಂಡಿ ಸಡಿಲ, ಮಗು ಎದೆಗೆ, ಎದ್ದು ನಿಂತೇಬಿಟ್ಟಳು.

ಕಣ್ಣು ಮುಚ್ಚಿ ಕಾದಳು. ಈಗ ಬರುತ್ತದೆ, ಈಗ ಬರುತ್ತದೆ. ಬರಲಿಲ್ಲ. ಪುಟ್ಟಿ ಅವಳ ಮೂಗು ಹಿಡಿದು ಎಳೆಯುತ್ತಿತ್ತು.

ಸೋಮವಾರ ಬೆಳಗ್ಗೆ ಏಪ್ರನ್ ಕಟ್ಟಿಕೊಳ್ಳುವ ಮುಂಚೆಯೇ ಜೋಡಿಯನ್ನು ಹುಡುಕಿಕೊಂಡು ಹೋದಳು.

“ಎತ್ತಿದೆ ಕಣೇ! ಮೊಮ್ಮಗಳನ್ನ ಎತ್ತಿದೆ! ಹದಿಮೂರು ಕೇಜಿ ಇದ್ದಾಳೆ, ಮಗಳು ಹೇಳಿದ್ಲು. ಏನೂ ಆಗ್ಲಿಲ್ಲ ಕಣೇ!”

ಜೋಡಿ ಒದ್ದೆ ಗಾಡಿಗೆ ಒರಗಿ ನಿಂತಿದ್ದಳು. ಬಲಭುಜವನ್ನು ಎಡಗೈಯಿಂದ ತಿಕ್ಕಿಕೊಳ್ಳುತ್ತಿದ್ದಳು. “ಒಳ್ಳೇದಾಯ್ತು ಬಿಡು ದೊಡ್ಡಕ್ಕ” ಅಂದಳು. ಅಷ್ಟೇ ಅಂದಳು. ಬೇರೆ ದಿನವಾಗಿದ್ದರೆ ಆ ಒಂದು ಮಾತಿಗೆ ಅವಳು ಹತ್ತು ಸೇರಿಸುತ್ತಿದ್ದಳು. ದೊಡ್ಡಕ್ಕ ತನ್ನ ಖುಷಿಯಲ್ಲಿ ಅದನ್ನು ಗಮನಿಸಲಿಲ್ಲ. ಆಮೇಲೆ, ಬಹಳ ಆಮೇಲೆ, ಆ ಭುಜ ತಿಕ್ಕುತ್ತಿದ್ದ ಕೈ ಅವಳಿಗೆ ಮತ್ತೆ ಮತ್ತೆ ನೆನಪಾಯಿತು.

ಹತ್ತು ದಿನಕ್ಕೆ ಕಚೇರಿಯಿಂದ ಕಾಗದ ಬಂತು: ವೈದ್ಯಕೀಯ ಸಮಿತಿಯ ಮುಂದೆ ಹಾಜರಾಗಬೇಕು, ಹಗುರ ಕೆಲಸದ ಅವಧಿಯನ್ನು ಮರುಪರಿಶೀಲಿಸಲಾಗುವುದು.

ಐದನೆಯ ಮಹಡಿಯ ಆ ಕೋಣೆಯಲ್ಲಿ ಉದ್ದನೆಯ ಮೇಜಿನ ಹಿಂದೆ ಮೂವರು ಕೂತಿದ್ದರು. ಒಬ್ಬರು ಆಸ್ಪತ್ರೆಯ ನೌಕರರನ್ನು ನೋಡುವ ಡಾಕ್ಟರು, ಒಬ್ಬರು ಆಡಳಿತದವರು, ಇನ್ನೊಬ್ಬರು ಬರೆದುಕೊಳ್ಳುವವರು. ಹೊರಗೆ ಬೆಂಚಿನ ಮೇಲೆ ಕಾಯುವಾಗ ದೊಡ್ಡಕ್ಕನಿಗೆ ಏನು ಮಾಡಬೇಕೆಂದು ಹೊಳೆಯದೆ ಇರಲಿಲ್ಲ. ಕುಂಟಿಕೊಂಡು ಹೋಗಬೇಕು. ಕುರ್ಚಿಯ ಕೈ ಹಿಡಿದು ‘ಅಯ್ಯೋ’ ಎಂದು ಕೂರಬೇಕು. ಲಾಂಡ್ರಿಯ ಹಿರಿಯ ಹೆಂಗಸೊಬ್ಬಳು ಬೆಳಗ್ಗೆಯೇ ಕಿವಿಯಲ್ಲಿ ಹೇಳಿದ್ದಳು: “ಅಲ್ಲಿ ಹೋಗಿ ಜಾಣತನ ತೋರಿಸಬೇಡ. ನರಳು, ಚೆನ್ನಾಗಿ ನರಳು.” ಆಗಲಿ ಎಂದೇ ಒಳಗೆ ಹೋದಳು.

ಡಾಕ್ಟರು ಸಭ್ಯಸ್ಥರು. ಕೂರಿಸಿದರು, ನೀರು ಬೇಕೇ ಎಂದು ಕೇಳಿದರು. ಫಿಸಿಯೋ ವಿಭಾಗದ ಪಟ್ಟಿಯನ್ನು ಮುಂದಿಟ್ಟುಕೊಂಡಿದ್ದರು. “ಎಂಟರಿಂದ ನಾಲ್ಕಕ್ಕೆ ಬಂದಿದ್ದೀರಿ. ಎಂಟು ತಿಂಗಳಲ್ಲಿ. ಬಹಳ ಒಳ್ಳೆಯ ಪ್ರಗತಿ” ಅಂದರು. ಆಮೇಲೆ ಮೇಜಿನ ಮೇಲಿದ್ದ ದಪ್ಪನೆಯ ಫೈಲೊಂದನ್ನು ನೆಲದ ಮೇಲೆ ಇಟ್ಟು, “ಇದನ್ನ ಎತ್ತಿ ಕೊಡ್ತೀರಾ?” ಎಂದು ಕೇಳಿದರು.

ಮೂವರೂ ಅವಳನ್ನೇ ನೋಡುತ್ತಿದ್ದರು. ಹತ್ತೊಂಬತ್ತು ವರ್ಷ ನೆಲಮಾಳಿಗೆಯಲ್ಲಿ ದುಡಿದವಳ ಕೆಲಸವನ್ನು ಮೇಲಿನ ಮಹಡಿಯವರು ಯಾರೂ ಒಂದು ಸಲವೂ ನಿಂತು ನೋಡಿರಲಿಲ್ಲ. ನರಳಬೇಕು ಎಂಬುದು ನೆನಪಿತ್ತು. ಆದರೆ ನರಳುವುದನ್ನು ಅವಳು ಕಲಿತಿರಲಿಲ್ಲ, ಬಗ್ಗುವುದನ್ನು ಕಲಿತಿದ್ದಳು. ದಿನಕ್ಕೆ ಮೂವತ್ತರಂತೆ ಎಂಟು ತಿಂಗಳು. ಕಾಲು ತಾನಾಗಿಯೇ ಅಗಲವಾಯಿತು, ಸೊಂಟ ಹಿಂದಕ್ಕೆ ಹೋಯಿತು, ಬೆನ್ನು ಹಲಗೆಯಂತೆ ನಿಂತಿತು. ಉಸಿರು ಬಿಡುತ್ತ ಇಳಿದು, ಫೈಲನ್ನು ಎದೆಗೆಳೆದುಕೊಂಡು ಎದ್ದು ಮೇಜಿನ ಮೇಲಿಟ್ಟಳು. ಮೇಡಂ ನೋಡಿದ್ದರೆ ಒಂದು ತಪ್ಪೂ ಹುಡುಕಲಾಗುತ್ತಿರಲಿಲ್ಲ. ಒಂದು ಕ್ಷಣ ಅವಳಿಗೆ ಹೆಮ್ಮೆಯೂ ಆಯಿತು.

“ವೆರಿ ಗುಡ್,” ಅಂದರು ಡಾಕ್ಟರು. ಬರೆದುಕೊಳ್ಳುವವರು ಬರೆದುಕೊಂಡರು.

“ಸಾರ್, ಇದು ಒಂದು ಫೈಲು. ಅಲ್ಲಿ ದಿನಕ್ಕೆ ನೂರಾರು ಸಲ ಒದ್ದೆ ಮುದ್ದೆ ಎಳೀಬೇಕು. ಯಂತ್ರದ ಬಾಯಿ ನನ್ನ ಮಂಡಿಗಿಂತ ಕೆಳಗಿದೆ. ಅಲ್ಲಿ ಹೀಗೆ ಬಗ್ಗೋಕೆ ಜಾಗವೇ ಇಲ್ಲ ಸಾರ್.”

ಆಡಳಿತದವರು ಇನ್ನೊಂದು ಹಾಳೆ ತಿರುವಿದರು. “ಹದಿಮೂರು ಕೇಜಿ ತೂಕದ ಮಗುವನ್ನು ಎತ್ತುತ್ತೀರಿ ಅಂತ ನಿಮ್ಮ ಸಹೋದ್ಯೋಗಿಯೇ ಹೇಳಿಕೆ ಕೊಟ್ಟಿದ್ದಾರಲ್ಲ? ಒದ್ದೆ ಮುದ್ದೆ ಅಷ್ಟು ತೂಗಲ್ಲ.”

ಹದಿಮೂರು ಕೇಜಿ. ಆ ತೂಕವನ್ನು ಅವಳು ಹೇಳಿದ್ದು ಒಬ್ಬಳಿಗೆ. ಆಮೇಲೆ ಅವರು ಏನು ಹೇಳಿದರು, ಅವಳು ಎಲ್ಲಿ ಸಹಿ ಹಾಕಿದಳು, ಯಾವುದೂ ತಲೆಗೆ ಹೋಗಲಿಲ್ಲ.

ಕೆಳಗೆ ಬಂದಾಗ ಊಟದ ಬಿಡುವು. ಜೋಡಿ ಸೋಪಿನ ಪುಡಿಯ ಡಬ್ಬಗಳ ಹತ್ತಿರ ಒಬ್ಬಳೇ ಕೂತಿದ್ದಳು, ಕಾಯುತ್ತಿದ್ದವಳಂತೆ.

“ನೀನೇನೇ ಹೇಳಿದ್ದು?”

ಸುಳ್ಳು ಹೇಳುತ್ತಾಳೆ ಎಂದು ದೊಡ್ಡಕ್ಕ ಎಣಿಸಿದ್ದಳು. ಜೋಡಿ ಸುಳ್ಳು ಹೇಳಲಿಲ್ಲ.

“ಹೂಂ, ನಾನೇ. ಸೂಪರ್‌ವೈಸರ್ ಕೇಳಿದ, ಹೇಳಿದೆ.”

“ನಿನಗೆ ಖುಷಿಯಾಗ್ಲಿ ಅಂತ ಹೇಳಿಕೊಂಡ್ನಲ್ಲೇ ನಾನು!”

“ಖುಷಿ!” ಜೋಡಿ ಎದ್ದು ನಿಂತಳು. “ನಿನ್ನ ನೋವಿಗೆ ಚೀಟಿ ಇದೆ, ಪಟ್ಟಿ ಇದೆ, ನಂಬರ್ ಇದೆ, ಮೂರನೇ ಮಹಡೀಲಿ ಕೂತು ಕೇಳೋಕೆ ಒಬ್ಬಳು ಮೇಡಂ ಇದ್ದಾಳೆ. ಎಂಟು ತಿಂಗಳು ನಿನ್ನ ಪಾಲೂ ನಾನೇ ಎಳೆದೆ. ಈ ಕೈ ನೋಡು. ತಲೆ ಬಾಚಿಕೊಳ್ಳೋಕೆ ಏಳ್ತಿಲ್ಲ. ನೀನು ಎದುರುಗಡೆನೇ ಸ್ಟೂಲ್ ಮೇಲೆ ಕೂತಿದ್ದೆ. ಒಂದಿನ, ಒಂದೇ ದಿನ, ‘ನಿನ್ನ ಕೈಗೇನಾಯ್ತೇ’ ಅಂತ ಕೇಳಿದ್ಯಾ?”

ದೊಡ್ಡಕ್ಕ ಕೇಳಿರಲಿಲ್ಲ. ತನ್ನ ಸೊಂಟಕ್ಕೆ ಕಿವಿ ಕೊಟ್ಟು ಕೊಟ್ಟು, ಬೇರೆಯವರ ಮೈ ಮಾತಾಡುವುದು ಕೇಳಿಸಿರಲಿಲ್ಲ. ಅದು ನಿಜ ಎಂದು ಗೊತ್ತಾದದ್ದಕ್ಕೇ ಅವಳಿಗೆ ಸಿಟ್ಟು ನೆತ್ತಿಗೇರಿತು.

“ಹೇಳಬೇಕಿತ್ತು ನೀನು. ಬಾಯಿ ಇತ್ತಲ್ಲ. ಊರಿಗೆಲ್ಲ ಕೇಳೋ ಹಾಗೆ ಮಾತಾಡ್ತೀಯಲ್ಲ!”

“ಹೇಳಿದ್ರೆ? ಇಬ್ಬರನ್ನೂ ಸ್ಟೂಲ್ ಮೇಲೆ ಕೂರಿಸ್ತಿದ್ರಾ?”

ಅಲ್ಲಿಗೆ ಮಾತು ನಿಂತಿತು. ಸೋಮವಾರದಿಂದ ದೊಡ್ಡಕ್ಕ ಮತ್ತೆ ಬೆಳಗ್ಗೆ ಒದ್ದೆ ಕಡೆ, ಮಧ್ಯಾಹ್ನ ಒಣ ಕಡೆ. ಜೋಡಿಯ ಬದಲು ಬೇರೆಯವಳನ್ನು ಕೊಡಿ ಎಂದು ಕೇಳಿದಾಗ, “ಇದೇನು ಮದುವೆ ಸಂಬಂಧವಾ ಆರಿಸಿಕೊಳ್ಳೋಕೆ?” ಎಂದ ಸೂಪರ್‌ವೈಸರ್. ಇಬ್ಬರೂ ಎದುರುಬದುರು ನಿಂತರು. ಮಾತು ಬಿಟ್ಟವರು ಮುಖ ತಿರುಗಿಸಿಕೊಂಡು ಓಡಾಡಬಹುದು. ಶೀಟು ಮಡಿಸುವವರಿಗೆ ಅದೂ ಇಲ್ಲ. ಅರ್ಧ ನಿಮಿಷಕ್ಕೊಮ್ಮೆ ಎದುರೆದುರು ನಡೆದು ಬರಬೇಕು, ತುದಿಗೆ ತುದಿ ಕೂಡಿಸಬೇಕು, ಬೆರಳಿಗೆ ಬೆರಳು ತಾಕಬೇಕು. ಜೋಡಿಯ ಬಲಗೈ ಭುಜದ ಮಟ್ಟಕ್ಕಿಂತ ಮೇಲೇಳದಿರುವುದನ್ನು ದೊಡ್ಡಕ್ಕ ಈಗ ದಿನವೂ ಕಂಡಳು. ತನ್ನ ಕಡೆಯ ತುದಿಯನ್ನು ಸ್ವಲ್ಪ ತಗ್ಗಿಸಿ ಹಿಡಿದಿದ್ದರೆ ಅವಳಿಗೆ ಸುಲಭವಾಗುತ್ತಿತ್ತು. ತಗ್ಗಿಸಲಿಲ್ಲ. ತನ್ನ ಎತ್ತರಕ್ಕೇ ಹಿಡಿದಳು.

ಹನ್ನೊಂದು ವಾರ ನಡೆಯಿತು. ಹನ್ನೆರಡನೆಯ ವಾರ ಯಂತ್ರದ ಬಾಯಿಯಲ್ಲಿ ಬಗ್ಗಿದವಳು ಬಗ್ಗಿದಂತೆಯೇ ನಿಂತುಬಿಟ್ಟಳು. ಗಾಲಿಕುರ್ಚಿಯಲ್ಲಿ ಮೂರನೆಯ ಮಹಡಿಗೆ ಒಯ್ದರು. ಮೇಡಂ ಪಟ್ಟಿಯಲ್ಲಿ ಒಂಬತ್ತು ಎಂದು ಬರೆದು ಪೆನ್ನು ಕೆಳಗಿಟ್ಟಳು.

“ನಿಮ್ಮ ಪಟ್ಟಿ ಇಟ್ಕೊಂಡೇ ನನ್ನ ಕೆಳಗೆ ಕಳಿಸಿದ್ರು ಮೇಡಂ.”

“ನಾನು ನಿಜ ಬರೆದೆ. ‘ಒದ್ದೆ ಕಡೆ ಹಾಕಬೇಡಿ’ ಅಂತಲೂ ಬರೆದಿದ್ದೆ. ಅದು ಎರಡನೇ ಪುಟದಲ್ಲಿತ್ತು.”

“ಅವರು ಒಂದೇ ಪುಟ ಓದಿದ್ರು.”

“ಹೂಂ.”

“ಸುಳ್ಳೇ ಬರೀಬಹುದಿತ್ತಲ್ಲ ಮೇಡಂ. ಎಂಟು, ಎಂಟು, ಎಂಟು ಅಂತ.”

ಮೇಡಂ ಪಟ್ಟಿಯನ್ನು ಫೈಲಿನೊಳಗೆ ಸೇರಿಸಿದಳು. “ಆಗ ನೀವು ಸರಿ ಹೋಗ್ತಿದ್ದೀರಿ ಅಂತ ನಿಮಗೇ ಗೊತ್ತಾಗ್ತಿರಲಿಲ್ಲ” ಅಂದಳು. ಅದು ಉತ್ತರವಲ್ಲ ಎಂದು ಇಬ್ಬರಿಗೂ ತಿಳಿದಿತ್ತು.

ಮೂರು ವಾರ ಹಾಸಿಗೆ ಹಿಡಿದಳು. ಈ ಸಲ ಗಂಡ ತಮಾಷೆ ಮಾಡಲಿಲ್ಲ. ಅವಳ ಪಕ್ಕದಲ್ಲಿ ಕೂತು, ಒಮ್ಮೆ ಮಾತ್ರ, “ಅಲ್ಲ ಕಣೇ, ಆ ಫೈಲನ್ನ ಸೊಟ್ಟಗೆ ಬಗ್ಗಿ ಎತ್ತೋಕೆ ಏನಾಗಿತ್ತು ನಿನಗೆ?” ಎಂದು ಕೇಳಿದ. ಅವನು ಪ್ರೀತಿಯಿಂದಲೇ ಕೇಳಿದ. ಅವಳು ಗೋಡೆಯ ಕಡೆ ಹೊರಳಿದಳು. ಹೊರಳುವಾಗಲೂ ಮೇಡಂ ಹೇಳಿಕೊಟ್ಟಂತೆ ಮಂಡಿ ಮಡಿಸಿ, ಮೈಯೆಲ್ಲ ಒಟ್ಟಿಗೆ.

ಕೆಲಸಕ್ಕೆ ಮರಳಿದಾಗ ಅವಳನ್ನು ಹೊಲಿಗೆ ಕೋಣೆಗೆ ಹಾಕಿದರು. ಹರಿದ ಶೀಟುಗಳಿಗೆ ತೇಪೆ ಹಾಕುವ ಕೆಲಸ. ಸಂಬಳ ಒಂದು ಮೆಟ್ಟಿಲು ಕೆಳಗೆ. ಯಂತ್ರದ ಮುಂದೆ ಒಬ್ಬಳೇ. ಅರ್ಧ ಗಂಟೆಗೊಮ್ಮೆ ಎದ್ದು ಕೋಣೆಯಲ್ಲೇ ಎರಡು ಸುತ್ತು ನಡೆಯುತ್ತಾಳೆ, ಗೋಡೆಗೆ ಕೈ ಕೊಟ್ಟು ಬೆನ್ನು ಹಿಂದಕ್ಕೆ ಬಾಗಿಸುತ್ತಾಳೆ, ಮತ್ತೆ ಕೂರುತ್ತಾಳೆ. ನೋವು ಪೂರ್ತಿ ಹೋಗಿಲ್ಲ. ನಾಲ್ಕು, ಐದು, ಮೋಡದ ದಿನ ಆರು. ಪುಟ್ಟಿ ಈಗ ದೊಡ್ಡದಾಗಿದೆ, ಎತ್ತುವಷ್ಟು ಚಿಕ್ಕದಲ್ಲ.

ಆರು ತಿಂಗಳ ಮೇಲೆ ಒಂದು ಮಧ್ಯಾಹ್ನ ಜೋಡಿ ಹೊಲಿಗೆ ಕೋಣೆಯ ಬಾಗಿಲಲ್ಲಿ ಬಂದು ನಿಂತಳು. ಬಲಗೈಯನ್ನು ಹೊಟ್ಟೆಗೆ ಒತ್ತಿ ಹಿಡಿದಿದ್ದಳು. ಕೂದಲು ಅಡ್ಡಾದಿಡ್ಡಿಯಾಗಿತ್ತು; ಯಾರೋ ಅವಸರದಲ್ಲಿ ಬಾಚಿ ಕಟ್ಟಿದ್ದು ಕಾಣುತ್ತಿತ್ತು.

“ದೊಡ್ಡಕ್ಕ.”

ದೊಡ್ಡಕ್ಕ ಯಂತ್ರ ನಿಲ್ಲಿಸಲಿಲ್ಲ.

“ಕೈ ಪೂರ್ತಿ ಹಿಡಿದುಕೊಂಡಿದೆ. ಮೇಲೆ ಕೇಳಿದೆ, ಮೇಡಂ ಹತ್ರ ಒಂದೂವರೆ ತಿಂಗಳು ಸರದಿ ಇದೆಯಂತೆ. ಸೂಪರ್‌ವೈಸರ್ ರಜೆ ಕೊಡಲ್ಲ ಅಂತಾನೆ. ನಿನಗೆ ಗೊತ್ತಿರುತ್ತಲ್ಲ... ಭುಜಕ್ಕೆ ಏನಾದ್ರೂ... ಸ್ವಲ್ಪ ತೋರಿಸಿದ್ರೆ...”

ಗೊತ್ತಿತ್ತು. ಎಂಟು ತಿಂಗಳು ಆ ವಿಭಾಗದ ಬೆಂಚಿನ ಮೇಲೆ ಸರದಿಗೆ ಕಾದವಳು. ಮೇಜಿನ ಮೇಲೆ ಒಂದು ಕೈ ಊರಿ ಬಗ್ಗಿ, ನೋಯುವ ಕೈಯನ್ನು ಇಳಿಬಿಟ್ಟು ನಿಧಾನವಾಗಿ ತೂಗುವುದನ್ನು, ಗೋಡೆಯ ಮೇಲೆ ಬೆರಳನ್ನು ಇರುವೆಯಂತೆ ಹತ್ತಿಸುವುದನ್ನು ಎಷ್ಟೋ ಜನ ಮಾಡುವಾಗ ನೋಡಿದ್ದಳು. ಮೇಡಂ ಅವರಿಗೆ ಹೇಳುತ್ತಿದ್ದ ಮಾತು ಒಂದೊಂದೂ ನೆನಪಿತ್ತು. ಎದ್ದು ನಿಂತು ತೋರಿಸಿದರೆ ಎರಡು ನಿಮಿಷದ ಕೆಲಸ.

“ಸರದಿಗೆ ಹೆಸರು ಬರೆಸು,” ಅಂದಳು, ತೇಪೆಯ ಅಂಚನ್ನು ಸೂಜಿಯ ಕೆಳಗೆ ಸರಿಸುತ್ತ. “ನಾನೇನು ಮೇಡಮ್ಮಾ?”

ಜೋಡಿ ಇನ್ನೂ ಸ್ವಲ್ಪ ಹೊತ್ತು ನಿಂತಿದ್ದಳು. ಏನೋ ಹೇಳುತ್ತಾಳೆ, ಬೈಯುತ್ತಾಳೆ, ಕಡೆಗೆ ಅಳುತ್ತಾಳೆ ಎಂದು ದೊಡ್ಡಕ್ಕ ಬಗ್ಗಿಸಿದ ತಲೆಯಲ್ಲೇ ಕಾದಳು. ಹದಿನಾಲ್ಕು ವರ್ಷ ಬಾಯಿ ಮುಚ್ಚಿ ಅರಿಯದವಳು ಏನೂ ಹೇಳದೆ ಹೋದಳು. ಅವಳ ಚಪ್ಪಲಿಯ ಸದ್ದು ಮೆಟ್ಟಿಲಿನವರೆಗೂ ಕೇಳಿಸಿತು.

ದೊಡ್ಡಕ್ಕ ಆ ಶೀಟು ಮುಗಿಸಿ ಇನ್ನೊಂದನ್ನು ಎಳೆದುಕೊಂಡಳು. ತನಗೆ ಸಮಾಧಾನವಾಗಿದೆ ಎಂದುಕೊಂಡಳು. ಸಂಜೆ ಬಸ್ಸಿನಲ್ಲಿ ನಿಂತಾಗಲೂ ಹಾಗೆಯೇ ಅಂದುಕೊಂಡಳು. ಮನೆಗೆ ಹೋಗಿ ಕೈಕಾಲು ತೊಳೆದು, ಚಾಪೆ ಹಾಸಿ ಮಲಗಿ, ಮಂಡಿ ಮಡಿಸಿ ಸೊಂಟವನ್ನು ನೆಲಕ್ಕೆ ಒತ್ತಿ ಎಣಿಸತೊಡಗಿದಳು. ಗಂಡ ಅಡುಗೆಮನೆಯಿಂದ, “ಇವತ್ತು ಎಷ್ಟೇ?” ಎಂದು ಕೂಗಿ ಕೇಳಿದ. ಈಚೆಗೆ ಅವನೂ ದಿನವೂ ಕೇಳುತ್ತಿದ್ದ.

“ಐದು,” ಅಂದಳು.